ಪ್ರಾಗ್‌ವರೆಗೆ ಸರಿ ಇತ್ತು, ಕಾಲೇಜಿನ ಗೇಟಿನಲ್ಲಿ ಕಡಿಯಿತು

ಮಾನ್ಯ ಸಂಪಾದಕರೇ,

ಶುಕ್ರವಾರದ ನಿಮ್ಮ ಉಡುಪಿ ಪುಟದಲ್ಲಿ ‘ಪ್ರಾಗ್‌ನ ಯಂತ್ರ ನಡೆಸಿದ ವಿದ್ಯಾರ್ಥಿಗಳು’ ವರದಿ ನೋಡಿದೆ, ಇಲ್ಲಿಯ ಕಾಲೇಜಿನ ಮಕ್ಕಳು ಕೂತಲ್ಲಿಂದಲೇ ನೆಟ್ ಮೂಲಕ ಜೆಕ್ ದೇಶದ ಯಂತ್ರ ನಡೆಸಿದ ಸುದ್ದಿ. ಫೋಟೋ ಚೆನ್ನಾಗಿದೆ. ದೀಪ ಬೆಳಗುವವರೇ ಏಳು ಮಂದಿ. ಯಂತ್ರ ನಡೆಸಿದ ಮಕ್ಕಳು ಮಾತ್ರ ಅದರಲ್ಲಿ ಒಬ್ಬರೂ ಇಲ್ಲ. ಅವತ್ತು ನಾನು ಅಲ್ಲೇ ಇದ್ದೆ, ಹಾಗಾಗಿ ನಡೆದದ್ದು ಎಂತ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ತಿದ್ದುಪಡಿ. ವರದಿಯಲ್ಲಿ ಬರೆದ ಹಾಗೆ ಅದು ‘ಅಣುವಿದಳನ’ ಅಲ್ಲ. ವಿದಳನ, ಅಂದರೆ ಪರಮಾಣು ಬೀಜ ಒಡೆಯುವುದು, ಇರುವುದು ಕೈಗಾದ ಅಣುಸ್ಥಾವರದಲ್ಲಿ. ಇದು ಸಮ್ಮಿಳನದ, ಅಂದರೆ ಬೀಜಗಳು ಕೂಡಿಕೊಳ್ಳುವ ಕಡೆಯದ್ದು, ಸೂರ್ಯನೊಳಗೆ ಆಗುವಂಥದ್ದು. ಪ್ರಾಗ್‌ನ ತಾಂತ್ರಿಕ ವಿಶ್ವವಿದ್ಯಾಲಯದ ‘ಗೋಲೆಮ್’ ಒಂದು ಸಣ್ಣ ಟೊಕಮಾಕ್, ಪ್ಲಾಸ್ಮಾವನ್ನು ಅಯಸ್ಕಾಂತದ ಬಲದಿಂದ ಹಿಡಿದಿಡುವ, ಉದ್ದಿನ ವಡೆಯ ಹಾಗೆ ನಡುವೆ ತೂತಿರುವ ಪಾತ್ರೆ. ಅದರಲ್ಲಿ ಕರೆಂಟ್ ತಯಾರಾಗುವುದಿಲ್ಲ, ಮಕ್ಕಳು ಕಲಿಯುತ್ತಾರೆ ಅಷ್ಟೆ. ಇಲ್ಲಿ ಕೂತು ಕೆಪಾಸಿಟರ್ ವೋಲ್ಟೇಜ್ ಎಷ್ಟು, ಗ್ಯಾಸಿನ ಒತ್ತಡ ಎಷ್ಟು ಅಂತ ತುಂಬಿಸಿ ಕಳುಹಿಸಿದರೆ ಅಲ್ಲಿ ಸರದಿಯ ಪ್ರಕಾರ ಶಾಟ್, ಅಂದರೆ ಒಂದು ಸಲದ ಪ್ರಯೋಗ, ಆಗುತ್ತದೆ. ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನ್ ಕಳಚಿಕೊಂಡ ಬಿಸಿ ಗ್ಯಾಸ್, ಉಳಿಯುವುದು ಹೆಚ್ಚುಕಡಿಮೆ 10 ಮಿಲಿಸೆಕೆಂಡ್.

ನಮಗೆ ಕೊಟ್ಟ ಹೊತ್ತು ಮಧ್ಯಾಹ್ನ ಒಂದೂವರೆಯಿಂದ ಮೂರು, ಶುರುವಾಗುವಾಗ ಅಲ್ಲಿ ಬೆಳಿಗ್ಗೆ ಹತ್ತು. ನಾನು ಊಟ ಬಿಟ್ಟು, ಸಂತೆಕಟ್ಟೆಯ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಬಸ್ಸಿನೊಳಗೆ ಬೆಂದು, ಕೊನೆಗೆ ಇಳಿದು ರಿಕ್ಷಾಕ್ಕೆ 120 ರೂಪಾಯಿ ಕೊಟ್ಟು ಮುಟ್ಟಿದೆ. ಮುಖ್ಯ ಅತಿಥಿಗಳು ಮುಟ್ಟಿದ್ದು ಎರಡಕ್ಕೆ. ಮಾತಾಡಿದ್ದು 40 ನಿಮಿಷ. ಅಷ್ಟು ಹೊತ್ತಿನೊಳಗೆ ಎರಡು ಲಕ್ಷಕ್ಕೂ ಜಾಸ್ತಿ ಪ್ಲಾಸ್ಮಾ ಹುಟ್ಟಿ ಸಾಯಬಹುದಿತ್ತು, ಲೆಕ್ಕ ಹಾಕಿ ನೋಡಿ. ಅವರ ಮಾತಿನಲ್ಲಿ ಈ ಪ್ಲಾಸ್ಮಾ ಒಂದು ಸಲವೂ ಬರಲಿಲ್ಲ, ರಕ್ತದಲ್ಲಿರುವ ಪ್ಲಾಸ್ಮಾ ರಕ್ತದಾನದ ವಿಷಯದಲ್ಲಿ ಬಂತೋ ಏನೋ.

ಅಂತೂ ಎರಡೂ ಮುಕ್ಕಾಲಿಗೆ ಒಬ್ಬಳು ಹುಡುಗಿ ಕೈ ನಡುಗಿಸಿಕೊಂಡು ಬಟನ್ ಒತ್ತಿದಳು. ಒತ್ತಿದ್ದೇ ಸರಿ, ನೆಟ್ ಹೋಯಿತು.

ಹೊರಗೆ ಬಂದರೆ ಗೇಟಿನ ಎದುರು ಜೆಸಿಬಿ. ಕೇಬಲ್ ಕರುಳಿನ ಹಾಗೆ ಹೊರಗೆ ನೇತಾಡುತ್ತಿತ್ತು. ‘ಅಗೆಯಲಿಕ್ಕೆ ಹೇಳಿದ್ರು ಸಾರ್, ಕೆಳಗೆ ಎಂತ ಉಂಟು ಅಂತ ಹೇಳ್ಲಿಲ್ಲ’ ಎಂದ ಚಾಲಕ. ಪಾಪ, ಅವನದ್ದೇನು ತಪ್ಪು? ಕೇಬಲಿನವರಿಗೆ ಫೋನ್ ಮಾಡಿದರೆ ‘ರಸ್ತೆಯವರನ್ನು ಕೇಳಿ’ ಅಂತ. ರಸ್ತೆಯವರನ್ನು ಕೇಳಿದರೆ ‘ಕೇಬಲ್ ಆಳದಲ್ಲಿ ಹಾಕಿಲ್ಲ’ ಅಂತ. ಆರು ಸಾವಿರ ಕಿಲೋಮೀಟರಿಗೂ ಆಚೆಯಿಂದ ಬಂದ ಸಂಪರ್ಕ ಕೊನೆಯ ಐವತ್ತು ಅಡಿಯಲ್ಲಿ ಸತ್ತಿತು ಮಾರಾಯ್ರೆ! ನನ್ನ ಮೊಬೈಲಿನಿಂದ ನೆಟ್ ಕೊಡುವಾ ಅಂದರೆ ಆ ದಿನದ ಡೇಟಾ ಬಸ್ಸಿನಲ್ಲೇ ಮುಗಿದಿತ್ತು.

ಮರುದಿನ ಆ ಹುಡುಗಿ ಗ್ರಾಫ್ ಕಳುಹಿಸಿದಳು. ಅಲ್ಲಿ ಶಾಟ್ ಆಗಿತ್ತು, ಪ್ಲಾಸ್ಮಾ ಬಂದಿತ್ತು. ಹಾಗಾಗಿ ನಿಮ್ಮ ಶೀರ್ಷಿಕೆ ಸುಳ್ಳಲ್ಲ ಬಿಡಿ. ನಡೆಸಿದ್ದು ಹೌದು, ನೋಡಲಿಕ್ಕೆ ಸಿಗಲಿಲ್ಲ.

ಇಷ್ಟಕ್ಕೆಲ್ಲ ಯಾಕೆ ಬೊಬ್ಬೆ ಅಂತ ಕೇಳುವವರಿದ್ದಾರೆ. ಫ್ರಾನ್ಸಿನ ಕಾಡರಾಶ್‌ನಲ್ಲಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ದೊಡ್ಡ ಟೊಕಮಾಕ್ ಈಟರ್‌ನಲ್ಲಿ ಭಾರತಕ್ಕೂ ಪಾಲಿದೆ. ಅದರ ಹೊರಗಿನ ಕ್ರಯೋಸ್ಟಾಟ್ (ಯಂತ್ರವನ್ನು ಸುತ್ತುವರಿದು ತಣ್ಣಗಿಡುವ ನಿರ್ವಾತ ಪಾತ್ರೆ), ಸುಮಾರು 3,800 ಟನ್, ನಮ್ಮ ದೇಶದಲ್ಲಿ ಭಾಗ ಭಾಗವಾಗಿ ಮಾಡಿ ಹಡಗಿನಲ್ಲಿ ಕಳುಹಿಸಿದ್ದು. ಜಪಾನಿನವರು ರೊಕ್ಕಾಶೋದಲ್ಲಿ ಕೂತೇ ಆ ಯಂತ್ರದ ಪ್ರಯೋಗದಲ್ಲಿ ಸೇರಲಿಕ್ಕೆ ಒಂದು ಕೇಂದ್ರವನ್ನೇ ಕಟ್ಟಿದ್ದಾರೆ. ಆ ಕಡೆ ಜೆಸಿಬಿ ಬಿಡುವುದಿಲ್ಲ ಅಂತ ಕಾಣುತ್ತದೆ. ಗೋಲೆಮ್‌ನದ್ದೇ ನೋಡಿ, 1960ರ ದಶಕದಲ್ಲಿ ಮಾಸ್ಕೋದಲ್ಲಿ ಓಡಿದ ಯಂತ್ರ, ಪ್ರಾಗ್‌ಗೆ ಬಂದು ಇನ್ನೂ ಓಡುತ್ತಾ ಉಂಟು. ನಮ್ಮ ಮನೆ ಎದುರು ಕಳೆದ ವರ್ಷ ಹಾಕಿದ ಚರಂಡಿಯ ಚಪ್ಪಡಿ ಒಂದೇ ಮಳೆಗಾಲಕ್ಕೆ ಎರಡು ತುಂಡು. ಮೂರು ಅರ್ಜಿ ಕೊಟ್ಟೆ. ಒಬ್ಬರು ‘ನಮ್ಮ ವ್ಯಾಪ್ತಿ ಅಲ್ಲ’, ಇನ್ನೊಬ್ಬರು ‘ಇಂಜಿನಿಯರ್ ರಜೆ’, ಮೂರನೆಯವರು ‘ಅರ್ಜಿಯ ಜೆರಾಕ್ಸ್ ಉಂಟಾ?’ ಪಹಣಿಯಲ್ಲಿ ನನ್ನ ಅಪ್ಪನ ಹೆಸರು ತಪ್ಪಾದದ್ದನ್ನು ತಿದ್ದಲು ನಾಲ್ಕು ವರ್ಷ ತಿರುಗಿಸಿದವರೂ ಇಂಥವರೇ, ಅದು ಬೇರೆ ಕಥೆ.

ಸಂಬಂಧಪಟ್ಟವರು ಅಗೆಯುವ ಮೊದಲು ಒಂದು ಮಾತು ಕೇಳಲಿ, ಅಥವಾ ಅಗೆಯುವುದನ್ನೇ ಬಿಡಲಿ. ಆ ಹೊಂಡವನ್ನೂ ಮುಚ್ಚಲಿ, ಈಗ ಒಟ್ರಾಶಿ ಮಣ್ಣು ಎಳೆದು ಹೋಗಿದ್ದಾರೆ, ನಿನ್ನೆ ಒಂದು ಸ್ಕೂಟರ್ ಬಿದ್ದಿತು. ಚಪ್ಪಡಿಯ ವಿಷಯವೂ ನೋಡಲಿ. ಮತ್ತೆ ನೀವು ಇನ್ನೊಮ್ಮೆ ಫೋಟೋ ಹಾಕುವಾಗ ಆ ಹುಡುಗಿಯದ್ದು ಹಾಕಿ.

— ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಬ್ರಹ್ಮಾವರ