ಹತ್ತು ನಿಮಿಷ ಅಮ್ಮಂದಿರನ್ನು ಹೊರಗೆ ಕಳಿಸಿ

ಮಾನ್ಯ ಸಂಪಾದಕರೇ,

ಮಕ್ಕಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಮಾತಾಡುವುದು ನಾವೇ, ಅಮ್ಮಂದಿರು. ಎಲ್ಲಿ ನೋವು, ಯಾವಾಗಿಂದ, ಊಟ ಸೇರುತ್ತಾ, ಎಲ್ಲಕ್ಕೂ ನಮ್ಮದೇ ಉತ್ತರ. ಸ್ಟೂಲಿನ ಮೇಲೆ ಕೂತ ಮಗು ನೆಲ ನೋಡುತ್ತಿರುತ್ತದೆ. ನಾಲ್ಕು ವರ್ಷದ ಹಿಂದೆ ನಾನೂ ಹಾಗೇ ಮಾಡಿದೆ.

ಆಗ ನನ್ನ ಮಗುವಿಗೆ 15. ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ದೆವು. ಆಗಾಗ ಹೊಟ್ಟೆನೋವು ಅಂತ ಸ್ಕೂಲು ತಪ್ಪುತ್ತಿತ್ತು. ಮುಟ್ಟಿನ ನೋವು ಅಂದುಕೊಂಡೆ. ‘ಡಾಕ್ಟರಿಗೆ ತೋರಿಸು ಅಮ್ಮ’ ಅಂದಿದ್ದು ಮಗುವೇ. ನಾನು ಹೊಟ್ಟೆನೋವಿನ ಕಥೆ ಮುಗಿಸುವಷ್ಟರಲ್ಲಿ ಡಾಕ್ಟರ ಮೇಜಿನ ಮೇಲೆ ಒಂದು ಚೀಟಿ ಬಂತು. ನೋಟ್‌ಬುಕ್ಕಿನ ಹಾಳೆ. ‘ನಂಗೆ ನಾನು ಹುಡುಗಿ ಅನ್ನಿಸಲ್ಲ. ಚಿಕ್ಕವನಿದ್ದಾಗಿಂದಲೂ ಅನ್ನಿಸಿಲ್ಲ. ಇದು ಏನು ಅಂತ ಹೇಳ್ತೀರಾ ಸರ್?’

ಅವರು ಅದನ್ನು ಜೋರಾಗಿ ಓದಿದರು. ಒಳಗೆ ಇನ್ನೂ ಮೂರು ಜನ ಪೇಷಂಟುಗಳು ನಿಂತಿದ್ದರು. ‘ಫೋನ್ ಜಾಸ್ತಿ ನೋಡ್ತಾಳೆ, ಮದುವೆ ಆದ್ರೆ ಎಲ್ಲ ಸರಿಹೋಗುತ್ತೆ ಬಿಡಿ’ ಅಂದರು. ಇಂಥದ್ದನ್ನು ಸರಿ ಮಾಡುವವರು ಬೆಂಗಳೂರಿನಲ್ಲಿದ್ದಾರೆ ಅಂತ ಒಂದು ಅಡ್ರೆಸ್ ಬರೆದುಕೊಟ್ಟರು. ಅದು ನನ್ನ ಪರ್ಸಿನಲ್ಲಿ ಮೂರು ವಾರ ಇತ್ತು. ಆ ಮೂರು ವಾರ ಮಗು ನನ್ನ ಜೊತೆ ಮಾತು ಬಿಟ್ಟಿತ್ತು.

ನಾವು ಅಲ್ಲಿಗೆ ಹೋಗಲಿಲ್ಲ, ದೇವರು ಕಾಪಾಡಿದ. ಹೀಗೆ ‘ಸರಿ ಮಾಡುವ’ ಚಿಕಿತ್ಸೆ ನಿಲ್ಲಬೇಕು ಅಂತ ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿದೆ. ಡಾಕ್ಟರು ಇದನ್ನು ಮಾಡಿದರೆ ಅದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ತಿಳಿಸಿದೆ. ಹುಟ್ಟಿದಾಗ ಬರೆಸಿದ ಲಿಂಗ ತನ್ನದಲ್ಲ ಅನ್ನಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯಂತೂ 2019ರಲ್ಲೇ ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದಿತ್ತು. ಇದೆಲ್ಲ ನಾನು ಆಮೇಲೆ ತಿಳಿದುಕೊಂಡಿದ್ದು. ಡಾಕ್ಟರೇ ಕೈಯಾರೆ ಬರೆದುಕೊಟ್ಟ ಅಡ್ರೆಸ್ಸನ್ನು ಯಾವ ತಾಯಿ ನಂಬದೆ ಇರುತ್ತಾಳೆ ಹೇಳಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಇದೆ ಅಂತ ಹೇಳಿದ್ದು ನಮ್ಮ ಬೀದಿಯ ಆಶಾ ಕಾರ್ಯಕರ್ತೆ. 10ರಿಂದ 19 ವರ್ಷದವರಿಗಾಗಿಯೇ ಇರುವ ಜಾಗ. ಅಲ್ಲಿನ ಡಾಕ್ಟರಮ್ಮ ನಾನು ಬಾಯಿ ತೆರೆಯುವ ಮೊದಲೇ ‘ಅಮ್ಮ, ನೀವು ಹತ್ತು ನಿಮಿಷ ಹೊರಗಿರಿ’ ಅಂದರು. ಸಿಟ್ಟು ಬಂತು. ಹೆತ್ತವಳು ನಾನು, ನನಗೆ ಗೊತ್ತಾಗದಂತೆ ಏನು ಮಾತು ಅಂತ. ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತೆ. ಹತ್ತು ನಿಮಿಷ ನಲವತ್ತಾಯಿತು.

ಒಳಗೆ ನಡೆದದ್ದನ್ನು ಮಗ ಎಷ್ಟೋ ದಿನದ ಮೇಲೆ ಹೇಳಿದ. ಅವರು ಮೊದಲು ಕೇಳಿದ್ದು, ‘ನಿನ್ನನ್ನ ಹೇಗೆ ಕರೀಲಿ? ಏನಮ್ಮ ಅನ್ಲಾ, ಏನಪ್ಪ ಅನ್ಲಾ?’ ಅಂತ. ನಾವು ಕನ್ನಡದವರು ಮಕ್ಕಳನ್ನು ಮಾತಾಡಿಸುವಾಗ ಹಿಂದೆ ಒಂದು ಅಮ್ಮ, ಅಪ್ಪ ಸೇರಿಸಿಯೇ ಸೇರಿಸುತ್ತೇವೆ. ಪ್ರೀತಿಯಿಂದಲೇ ಸೇರಿಸುತ್ತೇವೆ. ಅದರಲ್ಲಿ ಯಾವುದು ಬೇಕು ಅಂತ ತನ್ನನ್ನು ಕೇಳಿದವರು ಅವರೊಬ್ಬರೇ ಅಂತ ಹೇಳುವಾಗ ಅವನ ಗಂಟಲು ಕಟ್ಟಿತು. ಸ್ಕೂಲಿನಲ್ಲಿ ಹುಡುಗಿಯರ ಟಾಯ್ಲೆಟ್ಟಿಗೆ ಹೋಗಲಾಗದೆ ಬೆಳಗ್ಗಿಂದ ಸಂಜೆವರೆಗೆ ತಡೆದುಕೊಳ್ಳುತ್ತಿದ್ದನಂತೆ. ಅದಕ್ಕಾಗಿ ನೀರೂ ಕುಡಿಯುತ್ತಿರಲಿಲ್ಲ. ಪರೀಕ್ಷೆ ಮಾಡಿದಾಗ ಮೂತ್ರದ ಸೋಂಕು ಇತ್ತು. ಹೊಟ್ಟೆನೋವು ನಿಜವಾದದ್ದೇ. ಕೇಳುವ ರೀತಿಯಲ್ಲಿ ಯಾರೂ ಕೇಳಿರಲಿಲ್ಲ ಅಷ್ಟೇ.

ನನ್ನ ಜೊತೆಗೂ ಅವರು ಮಾತಾಡಿದರು, ಮಗುವಿನ ಒಪ್ಪಿಗೆ ಕೇಳಿಕೊಂಡೇ. ‘ಅವಸರ ಬೇಡ. ಆಪರೇಷನ್ ಅದು ಇದು ಅಂತ ಹೆದರಬೇಡಿ, 18 ತುಂಬುವವರೆಗೆ ಅದರ ಮಾತೇ ಇಲ್ಲ. ಈಗ ಬೈಯದೆ ಕೇಳಿಸಿಕೊಳ್ಳಿ, ಸಾಕು’ ಅಂದರು. ಅವತ್ತು ರಾತ್ರಿ ನಿದ್ದೆ ಬಂತು ನನಗೆ.

ಆರೋಗ್ಯ ಇಲಾಖೆಯವರಲ್ಲಿ, ಊರೂರಿನ ಡಾಕ್ಟರುಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಹದಿವಯಸ್ಸಿನ ಮಗು ಜ್ವರಕ್ಕೇ ಬರಲಿ, ಮೊಡವೆಗೇ ಬರಲಿ, ಒಂದಷ್ಟು ಹೊತ್ತು ಒಬ್ಬರನ್ನೇ ಕೂರಿಸಿಕೊಂಡು ಮಾತಾಡಿಸಿ. ಎಲ್ಲ ಮಕ್ಕಳಿಗೂ ಹೀಗೇ ಮಾಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಮನೆಯಲ್ಲಿ ಹೊಡೆತ ತಿನ್ನುವ ಮಗುವೂ ಆಗ ಬಾಯಿ ಬಿಡಬಹುದು. ನನ್ನ ಮಗನಂಥ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಕೆಲಸದಲ್ಲಿ ಶೇ 1 ಮೀಸಲಾತಿಯನ್ನು 2021ರಲ್ಲಿ ದೇಶದಲ್ಲೇ ಮೊದಲು ಕೊಟ್ಟ ರಾಜ್ಯ ನಮ್ಮದು. ಆ ಕೆಲಸದ ವಯಸ್ಸು ಮುಟ್ಟುವವರೆಗೆ ಈ ಮಕ್ಕಳು ಬದುಕಿ ಉಳಿಯಬೇಕು ಅಲ್ವಾ?

ಸ್ನೇಹ ಕ್ಲಿನಿಕ್ ಇರುವುದು ಪ್ರತಿ ಹೈಸ್ಕೂಲಿನ ನೋಟಿಸ್ ಬೋರ್ಡಿನಲ್ಲಿ ಕಾಣಲಿ. ಪಕ್ಕದಲ್ಲಿ ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆಯಿರಿ. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ. ಡಾಕ್ಟರ ಕೋಣೆಗೆ ಬಾಗಿಲು ಇಲ್ಲದ ಕಡೆ ಒಂದು ಪರದೆಯಾದರೂ ಕಟ್ಟಿ. ಹೊರಗೆ ಒಂದು ಬೆಂಚು ಹಾಕಿ, ನಾವು ಕಾಯುತ್ತೇವೆ.

ಮಗನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ದಯವಿಟ್ಟು ಹೆಸರು ಹಾಕಬೇಡಿ.

ಇಂತಿ,
ಒಬ್ಬ ತಾಯಿ,
ಹಾಸನ ಜಿಲ್ಲೆ