ಭಾನುವಾರದ ಚರ್ಚೆ: ನೆರೆಯ ಬಂದರುಗಳ ಹೊಂದಾಣಿಕೆ

ಸದಸ್ಯರ ಗಮನಕ್ಕೆ. ಅಕ್ಕಪಕ್ಕದ ಬಂದರುಗಳು ಕಂಟೇನರ್ ವಹಿವಾಟಿಗಾಗಿ ಕೈಜೋಡಿಸುವುದು ಹೇಗೆ ಎಂಬುದೇ ಈ ಭಾನುವಾರದ ವಿಷಯ. ಅದಕ್ಕೆ ಮುನ್ನ ಅಮೆರಿಕದ ಸಿಯಾಟಲ್ ಮತ್ತು ಟಕೋಮಾ ಬಂದರುಗಳ ಬಗ್ಗೆ ಓದಿಕೊಂಡು ಬನ್ನಿ.

ಸುಮಾರು 50 ಕಿ.ಮೀ. ಅಂತರದ ಈ ಎರಡು ಬಂದರುಗಳು ದಶಕಗಳ ಕಾಲ ಪರಸ್ಪರರ ಗಿರಾಕಿಗಳನ್ನು ಸೆಳೆದುಕೊಳ್ಳುತ್ತಿದ್ದವು. ದರಕ್ಕಾಗಿ ಚೌಕಾಸಿ ಮಾಡುವ ಹಡಗು ಕಂಪನಿಗಳಿಗೆ ಅದು ಸುಗ್ಗಿ. ಅತ್ತ ಕೆನಡಾದ ವ್ಯಾಂಕೂವರ್, ಪ್ರಿನ್ಸ್ ರೂಪರ್ಟ್ ಬಂದರುಗಳ ಪೈಪೋಟಿಯೂ ಬಿಗಿಯಾಯಿತು. ಕೊನೆಗೆ 2015ರಲ್ಲಿ ಎರಡೂ ತಮ್ಮ ಸರಕು ಟರ್ಮಿನಲ್‌ಗಳನ್ನು ಒಂದೇ ಆಡಳಿತಕ್ಕೆ ಒಪ್ಪಿಸಿದವು. ಆಸ್ತಿಯ ಒಡೆತನ ಮಾತ್ರ ಆಯಾ ಬಂದರಿನದೇ. ಸ್ವಾಭಿಮಾನಕ್ಕೆ ಪೆಟ್ಟು ಬೀಳದ ಜಾಣ ಏರ್ಪಾಡು ಎಂದು ನನಗನ್ನಿಸುತ್ತದೆ. ಬೆಲ್ಜಿಯಂನ ಆಂಟ್‌ವರ್ಪ್ ಮತ್ತು ಜೀಬ್ರುಗ್ ಬಂದರುಗಳು 2022ರಲ್ಲಿ ಪೂರ್ತಿ ವಿಲೀನವನ್ನೇ ಆರಿಸಿಕೊಂಡವು. ಡೆನ್ಮಾರ್ಕ್‌ನ ಕೋಪನ್‌ಹೇಗನ್ ಮತ್ತು ಸ್ವೀಡನ್‌ನ ಮಾಲ್ಮೋ 2001ರಲ್ಲೇ ದೇಶದ ಗಡಿ ದಾಟಿ ಒಂದಾಗಿದ್ದವು.

ಸಾಗಣೆಯಲ್ಲಿ ದುಡಿದವರು ಖಾಲಿ ಕಂಟೇನರ್‌ಗಳ ಬಗ್ಗೆ ದಯವಿಟ್ಟು ಮಾತನಾಡಿ. ಒಂದು ಬಂದರಿನ ಅಂಗಳದಲ್ಲಿ ಅವು ಐದು ಅಂತಸ್ತು ಪೇರಿಕೊಂಡಿರುವಾಗ, ಪಕ್ಕದ ಬಂದರಿನಲ್ಲಿ ರಫ್ತುದಾರ ಒಂದೇ ಒಂದಕ್ಕಾಗಿ ಕಾದು ಕುಳಿತಿರುತ್ತಾನೆ. ಇಷ್ಟನ್ನು ಹಂಚಿಕೊಳ್ಳಲು ವಿಲೀನವೇ ಬೇಕೇ? ನನಗೆ ಅನುಮಾನ.

ಚರ್ಚೆ ಮುಗಿಯುವವರೆಗೆ ಶುಭೋದಯದ ಚಿತ್ರಗಳಿಗೆ ರಜೆ ಕೊಡಿ.