ಪೈಲಟ್ ತರಬೇತಿಯ ಪೂರ್ತಿ ಖರ್ಚನ್ನು ಮೊದಲೇ ಹೇಳಿ

ಮಾನ್ಯ ಸಂಪಾದಕರೇ,

ಪೈಲಟ್ ತರಬೇತಿ ಮಾಹಿತಿ ಶಿಬಿರದ ವರದಿ ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಫೋಟೋ ಸಮೇತ ಬಂದಿತ್ತು. ಆ ಶಿಬಿರಕ್ಕೆ ಮಗಳನ್ನು ಕರೆದುಕೊಂಡು ಹೋದವರಲ್ಲಿ ನಾನೂ ಒಬ್ಬ. ಆಮೇಲೆ ಶಿಬಿರ ನಡೆಸಿದ ಸಂಸ್ಥೆಯ ಆಫೀಸಿಗೆ ಹೋಗಿ ಬಂದೆ. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಶಿಬಿರದಲ್ಲಿ ಹೇಳಿದ್ದು ಇಷ್ಟು. ಪಿಪಿಎಲ್‌ಗೆ, ಅಂದರೆ ಖಾಸಗಿ ಪೈಲಟ್ ಲೈಸೆನ್ಸಿಗೆ, 17 ವರ್ಷ ತುಂಬಿರಬೇಕು, ಹತ್ತನೇ ಕ್ಲಾಸ್ ಪಾಸಾಗಿರಬೇಕು. 40 ಗಂಟೆ ಹಾರಾಟ, ಗಂಟೆಗೆ 13,000 ರೂಪಾಯಿ, ಒಟ್ಟು 5 ಲಕ್ಷದ 20 ಸಾವಿರ. ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಕಮರ್ಷಿಯಲ್ ಲೈಸೆನ್ಸಿಗೆ ಒಮ್ಮೆಲೇ ಕೈ ಹಾಕಬೇಡಿ, ಮೊದಲು ಇದನ್ನು ಮಾಡಿ, ಮುಂದೆ ಬೇಕಾಗುವ 200 ಗಂಟೆಗೆ ಇದೂ ಸೇರುತ್ತದೆ ಅಂದರು. ನಾವು ಕೇರಳದ ಕಾಸರಗೋಡು ಜಿಲ್ಲೆಯ ಕನ್ನಡಿಗರು, ಅಡಿಕೆ ತೋಟದವರು. ಹೇಗಾದರೂ ಹೊಂದಿಸೋಣ ಅಂದುಕೊಂಡೆವು.

ಆಫೀಸಿನಲ್ಲಿ ಕೈಗೆ ಕೊಟ್ಟ ಎಸ್ಟಿಮೇಟ್ ಹಾಳೆಯಲ್ಲಿ ಗ್ರೌಂಡ್ ಕ್ಲಾಸ್, ಅಂದರೆ ಕೂತು ಕಲಿಯುವ ಪಾಠದ ಫೀಸು ಬೇರೆ, ಹಾಸ್ಟೆಲ್ ಬೇರೆ, ಊಟ ಬೇರೆ, ಲ್ಯಾಂಡಿಂಗ್ ಮತ್ತು ಪಾರ್ಕಿಂಗ್ ಚಾರ್ಜ್ ಬೇರೆ. ಯೂನಿಫಾರ್ಮ್, ಹೆಡ್‌ಸೆಟ್ ನಾವೇ ತರಬೇಕು. ಕೊನೆಯ ಹಾರಾಟದ ಪರೀಕ್ಷೆ, ಸ್ಕಿಲ್ ಟೆಸ್ಟಿಗೆ ವಿಮಾನದ ಬಾಡಿಗೆಯನ್ನೂ ನಾವೇ ಕೊಡಬೇಕು. ಹಾಳೆಯ ಕೆಳಗೆ ನೀಲಿ ಪೆನ್ನಿನಲ್ಲಿ 'ಫ್ಯೂಯಲ್ ಸರ್ಚಾರ್ಜ್, ಆಗಿನ ದರದಂತೆ' ಅಂತ ಬರೆದಿದ್ದರು. ಆಗಿನ ದರ ಎಂದರೆ ಎಷ್ಟು ಅಂತ ಕೇಳಿದರೆ ಕೌಂಟರಿನ ಹುಡುಗ ಒಳಗೆ ಹೋಗಿ ಬಂದು 'ಸರ್ ಊಟಕ್ಕೆ ಹೋಗಿದ್ದಾರೆ' ಅಂದ. ಸುಮಾರು ಹೊತ್ತು ಕಾದೆವು, ಆ ಸರ್ ಬರಲೇ ಇಲ್ಲ. ಲೆಕ್ಕ ಹಾಕಿದರೆ 9 ಲಕ್ಷ ದಾಟುತ್ತದೆ.

ಅದೂ ಕೊನೆಯ ಲೆಕ್ಕ ಅಲ್ಲ. 40 ಗಂಟೆ ಎಂಬುದು ಕನಿಷ್ಠ. ಇನ್‌ಸ್ಟ್ರಕ್ಟರಿಗೆ ಸಮಾಧಾನ ಆಗದಿದ್ದರೆ ಗಂಟೆಗಳು ಹೆಚ್ಚುತ್ತಾ ಹೋಗುತ್ತವೆ, ದುಡ್ಡೂ ಹೋಗುತ್ತದೆ. ಮಳೆ ಹಿಡಿದರೆ, ವಿಮಾನ ರಿಪೇರಿಗೆ ಹೋದರೆ, ಇನ್‌ಸ್ಟ್ರಕ್ಟರ್ ಕೆಲಸ ಬಿಟ್ಟರೆ ಹಾರಾಟ ನಿಲ್ಲುತ್ತದೆ. ಮಕ್ಕಳು ಹಾಸ್ಟೆಲ್ ಬಾಡಿಗೆ ಕಟ್ಟುತ್ತಾ ಸುಮ್ನೆ ಕೂರಬೇಕು. ಮತ್ತೆ ಶುರುವಾದಾಗ ಕೈಯ ಅಭ್ಯಾಸ ತಪ್ಪಿಹೋಗಿರುತ್ತದೆ, ಕಲಿತದ್ದನ್ನೇ ಇನ್‌ಸ್ಟ್ರಕ್ಟರ್ ಜೊತೆ ಕೂತು ಇನ್ನೊಮ್ಮೆ ಹಾರಬೇಕು. ಆ ಗಂಟೆಯ ದುಡ್ಡೂ ನಮ್ಮದೇ. ಇದನ್ನು ಶಿಬಿರದಲ್ಲಿ ಒಬ್ಬರೂ ಹೇಳಲಿಲ್ಲ.

ಈ ಸಣ್ಣ ವಿಮಾನಗಳಿಗೆ ಹಾಕುವ ಇಂಧನ ಅವ್‌ಗ್ಯಾಸ್ ಮೊದಲು ಹೊರದೇಶದಿಂದ ಬರುತ್ತಿತ್ತು, ಅದಕ್ಕೇ ದುಬಾರಿ ಅನ್ನುತ್ತಿದ್ದರು. 2022ರಲ್ಲಿ ಇಂಡಿಯನ್ ಆಯಿಲ್ ಅದನ್ನು ಗುಜರಾತಿನಲ್ಲೇ ತಯಾರಿಸಲು ಶುರು ಮಾಡಿತು, ತರಬೇತಿ ಅಗ್ಗವಾಗುತ್ತದೆ ಅಂತ ಸುದ್ದಿಯೂ ಬಂತು. ಹಾಗಾದರೆ ಈಗಲೂ ಸರ್ಚಾರ್ಜ್ ಯಾಕೆ? ಜಿಎಸ್‌ಟಿ ಕಥೆಯೂ ಅಷ್ಟೇ. ವಿಮಾನಯಾನ ನೋಡಿಕೊಳ್ಳುವ ಕೇಂದ್ರದ ಡಿಜಿಸಿಎ ಒಪ್ಪಿದ ಶಾಲೆಗಳಲ್ಲಿ, ಅದೇ ಒಪ್ಪಿದ ಕೋರ್ಸಿಗೆ, ಕೋರ್ಸ್ ಮುಗಿಸಿದ ಸರ್ಟಿಫಿಕೇಟನ್ನು ಅದು ಕಡ್ಡಾಯ ಮಾಡಿದ್ದರೆ, ಜಿಎಸ್‌ಟಿ ಇಲ್ಲ ಅಂತ 2024ರಲ್ಲಿ ಕೇಂದ್ರವೇ ಸ್ಪಷ್ಟಪಡಿಸಿದೆ. ನಮ್ಮ ಹಾಳೆಯಲ್ಲಿ 18 ಪರ್ಸೆಂಟ್ ಹಾಗೇ ಇದೆ. ಪಿಪಿಎಲ್ ಆ ವಿನಾಯಿತಿಗೆ ಸೇರುತ್ತದಾ ಇಲ್ವಾ ಅಂತ ಕೇಳಿದೆ. ಆಫೀಸಿನವರು ಆಡಿಟರ್ ಹತ್ತಿರ ಕೇಳಿ ಅಂದರು. ಅವರ ಆಡಿಟರ್ ಹತ್ತಿರ ನಾನು ಯಾಕೆ ಹೋಗಬೇಕು?

ಇನ್ನು ಬ್ಯಾಂಕು. ಪಿಪಿಎಲ್ ಇಟ್ಟುಕೊಂಡು ಸಂಬಳಕ್ಕೆ ವಿಮಾನ ಹಾರಿಸುವಂತಿಲ್ಲ, ಆದ್ದರಿಂದ ಇದು ಉದ್ಯೋಗದ ಕೋರ್ಸ್ ಅಲ್ಲ ಅಂತ ಮ್ಯಾನೇಜರ್ ಫೈಲನ್ನೇ ಮುಚ್ಚಿದರು. ಬಹಳ ಹೇಳಿದ ಮೇಲೆ, ಏಳೂವರೆ ಲಕ್ಷದ ಮೇಲೆ ಸಾಲ ಬೇಕಾದರೆ ಜಾಗ ಅಡವು ಇಡಿ, ಆಮೇಲೆ ನೋಡೋಣ ಅಂದರು. ಹಾಗಾಗಿ ಜಾಗದ ಆಧಾರ (ಕ್ರಯಪತ್ರ), ತೀರ್ವೆ ರಶೀದಿ, ಪೊಸೆಷನ್ ಸರ್ಟಿಫಿಕೇಟ್, ಕುಡಿಕ್ಕಡ (ಋಣಭಾರ ಪತ್ರ) ಎಲ್ಲ ಹೊಂದಿಸಲು ಸರ್ಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರದಿಂದ ವಿಲೇಜ್ ಆಫೀಸಿಗೆ, ಅಲ್ಲಿಂದ ಮತ್ತೆ ಅಕ್ಷಯಕ್ಕೆ ಅಲೆದಾಟ. ಅರ್ಜಿ ಮಲಯಾಳದಲ್ಲಿ ಮಾತ್ರ. ಕನ್ನಡದ್ದು ಕೊಡಿ ಅಂದರೆ 'ನೀವು ಇಷ್ಟು ವರ್ಷ ಕೇರಳದಲ್ಲಿದ್ದು ಮಲಯಾಳ ಕಲಿತಿಲ್ವಾ' ಅಂತ ನನ್ನನ್ನೇ ಗದರಿಸಿದರು. ಭಾಷಾ ಅಲ್ಪಸಂಖ್ಯಾತರ ಹಕ್ಕು ಕಾಗದದಲ್ಲಿ ಇದೆ, ಕೌಂಟರಿನಲ್ಲಿ ಇಲ್ಲ. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕುವವರಿಂದ ಇನ್ನೇನು ನಿರೀಕ್ಷೆ ಮಾಡೋದು?

ಮೆಡಿಕಲ್ ಪರೀಕ್ಷೆಗೂ ಕಾಸರಗೋಡಿನಲ್ಲಿ ಗತಿಯಿಲ್ಲ ಅಂದರು. ಕಣ್ಣು, ಕಿವಿ, ಇಸಿಜಿ ಅಂತ ಪಿಪಿಎಲ್‌ಗೆ ಬೇಕಾದ ಕ್ಲಾಸ್ 2 ಮೆಡಿಕಲ್ ಮಾಡಿಸಲು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ಜ್ವರ ಜಾಸ್ತಿಯಾದರೂ ಮಂಗಳೂರಿಗೇ ಓಡುವ ಊರು ನಮ್ಮದು. 2020ರಲ್ಲಿ ಕೊರೊನಾ ಬಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಎಷ್ಟು ಮಂದಿ ರೋಗಿಗಳು ಒದ್ದಾಡಿದರು ಅಂತ ಎಲ್ಲರಿಗೂ ಗೊತ್ತು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ, ಓದುವ ಮಕ್ಕಳು ಒಳಗೆ ಬರಲು ಒಂದು ದಶಕಕ್ಕೂ ಹೆಚ್ಚು ಕಳೆಯಿತು. ಇಲ್ಲಿನ ಪೆರಿಯದಲ್ಲಿ ಸಣ್ಣ ವಿಮಾನಗಳ ಏರ್‌ಸ್ಟ್ರಿಪ್ ಅಂತ ಎಷ್ಟೋ ವರ್ಷಗಳಿಂದ ಕೇಳುತ್ತಿದ್ದೇವೆ, ಪ್ರತಿ ಚುನಾವಣೆಗೂ ಅದೇ ಭಾಷಣ. ಅದು ಆಗಿದ್ದರೆ ಒಂದು ಸಣ್ಣ ತರಬೇತಿ ಶಾಲೆಯಾದರೂ ಇಲ್ಲಿಗೆ ಬರುತ್ತಿತ್ತೋ ಏನೋ. ಈಗ ಸರ್ಕಾರಿ ಅಕಾಡೆಮಿ ಬೇಕೆಂದರೆ ಇಡೀ ರಾಜ್ಯ ದಾಟಿ ತಿರುವನಂತಪುರಕ್ಕೆ ಹೋಗಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ಕರ್ನಾಟಕ ಸರ್ಕಾರದ ವಿಮಾನ ತರಬೇತಿ ಶಾಲೆ ಇದೆ. ಸಿಇಟಿಯಲ್ಲಿ ಮಂಜೇಶ್ವರ, ಕಾಸರಗೋಡು, ಹೊಸದುರ್ಗದ ಕನ್ನಡ ಮಕ್ಕಳಿಗೆ ಅವಕಾಶ ಕೊಟ್ಟಿದ್ದಾರೆ, ವಿಮಾನ ತರಬೇತಿಗೂ ಅದೇ ರೀತಿ ಯಾಕೆ ಕೊಡಬಾರದು? ಎರಡೂ ರಾಜ್ಯದವರಿಗೆ ನಾವು ಬೇರೆಯವರ ಮಕ್ಕಳಾಗಿಬಿಟ್ಟಿದ್ದೇವೆ.

ನನ್ನ ಮಗಳು ಹತ್ತನೇ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಟುದಲ್ಲಿ ಫಿಸಿಕ್ಸ್, ಮ್ಯಾಥ್ಸ್ ತೆಗೆದುಕೊಂಡು ಒಳ್ಳೆ ಮಾರ್ಕಿನಲ್ಲಿ ಪಾಸಾಗಿದ್ದಾಳೆ. ಮೀಟಿಯಾರಾಲಜಿ, ನ್ಯಾವಿಗೇಷನ್ ಪುಸ್ತಕ ತರಿಸಿಕೊಂಡು ಆಗಲೇ ಓದಲು ಕೂತಿದ್ದಾಳೆ. ಅವಳಿಗೆ ನಾನು ಏನು ಹೇಳಲಿ?

ಡಿಜಿಸಿಎಯವರು ಪ್ರತಿ ಶಾಲೆಯಿಂದ ಪೂರ್ತಿ ಖರ್ಚಿನ ಪಟ್ಟಿ ಬರೆಸಿಕೊಂಡು ಎಲ್ಲರಿಗೂ ಕಾಣುವಂತೆ ಹಾಕಲಿ. ಶುಲ್ಕಕ್ಕೆ ಮಿತಿ ಹಾಕಲಿ, ಇಲ್ಲವೇ ಸರ್ಕಾರ ಸಾಲವನ್ನಾದರೂ ಕೊಡಿಸಲಿ. ವಿಲೇಜ್ ಆಫೀಸಿನಲ್ಲಿ ಕನ್ನಡ ಬಲ್ಲ ಒಬ್ಬರನ್ನು ಕೂರಿಸಲಿ, ಕನ್ನಡ ಅರ್ಜಿ ಇಡಲಿ. ಜಿಲ್ಲಾಧಿಕಾರಿಗಳೂ, ಶಾಸಕರೂ, ಸಂಸದರೂ ಇದರಲ್ಲಿ ಒಂದನ್ನಾದರೂ ಮಾಡಿ ತೋರಿಸಲಿ. ಅದೂ ಆಗದಿದ್ದರೆ ಮಕ್ಕಳಿಗೆ ಆಸೆ ಹುಟ್ಟಿಸುವ ಇಂಥ ಶಿಬಿರಗಳಿಗೆ ಅನುಮತಿ ಕೊಡಬೇಡಿ. ಸಂಬಳ ತೆಗೆದುಕೊಂಡು ಜನರನ್ನು ಅಲೆದಾಡಿಸುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಡ್ವಾ?

ನೊಂದ ಪೋಷಕ,
ಬದಿಯಡ್ಕ